ಶುಂಬಾ, ಊಟಕ್ಕೆ ಬನ್ನಿ!

ಶನಿವಾರ ಆಫೀಸಿನ ಹುಡುಗಿಯ 'ಕಿಚನ್ ಪಾರ್ಟಿ'ಗೆ ಹೋಗಿದ್ದೆ. ಇಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಮದುವೆಗೆ ಮುಂಚೆ ಹೆಂಗಸರೇ ಸೇರಿ ಮದುಮಗಳಿಗೆ ಪಾತ್ರೆಪಗಡೆ ಕೊಡುತ್ತಾರೆ. ಜೊತೆಗೆ ಬುದ್ಧಿಮಾತು ಪುಕ್ಕಟೆ. ತಲೆಬಿಸಿ ಇನ್ನೂ ಇಳಿದಿಲ್ಲ.

ಬುದ್ಧಿ ಹೇಳಲು ಕೂತವರು ತೇತೆ, ಅಂದರೆ ಸೋದರತ್ತೆ. ಇಲ್ಲಿನ ಶೋನಾ ಜನರಲ್ಲಿ ಗಂಡ ಹೆಂಡತಿ ಜಗಳದ ಪಂಚಾಯ್ತಿಯೂ ಇವರದೇ. ಗಂಡನನ್ನು ಹೆಸರು ಹಿಡಿದು ಕೂಗಬೇಡ, ಅವನ ಮುತುಪೊ ಹೇಳು ಅಂದರು. ಮುತುಪೊ ನಮ್ಮ ಗೋತ್ರದ ಹಾಗೆ; ಒಂದೇ ಮುತುಪೊದವರು ಮದುವೆಯಾಗುವಂತಿಲ್ಲ. ಈ ಹುಡುಗನದು ಶುಂಬಾ, ಸಿಂಹ. (ಹುಡುಗನನ್ನು ನೋಡಿದ್ದೇನೆ. ಸಿಂಹ ಅನ್ನಲು ಸ್ವಲ್ಪ ಧೈರ್ಯ ಬೇಕು.) 'ಇವೇ' ಅಂದರೆ ನೀನು, ಅದು ಬಾಯಿಗೆ ಬರಕೂಡದು. 'ಇಮಿ', ನೀವು, ಅನ್ನಬೇಕು. ಊಟ ಕೊಡುವಾಗ ಮಂಡಿಯೂರಬೇಕು. ಎರಡು ಗಂಟೆ ಇದೇ ಪಾಠ.

ಸರಿ, ಹುಡುಗನಿಗೆ ಈ ಪಾಠ ಯಾರು ಹೇಳುತ್ತಾರೆ? ಕೇಳಿಯೇ ಬಿಟ್ಟೆ. ಎಲ್ಲರೂ ನಕ್ಕರು.

ಪಕ್ಕದಲ್ಲಿದ್ದ ಗೆಳತಿ ಸಮಾಧಾನ ಮಾಡಿದಳು. ಅವನೂ ಇವಳನ್ನು 'ಚಿಹೇರಾ' ಅಂತಲೇ ಕರೆಯುತ್ತಾನಂತೆ. ಮ್ಹೋಫು, ಅಂದರೆ ದೊಡ್ಡ ಹುಲ್ಲೆ, ಆ ಕುಲದ ಹೆಣ್ಣುಮಕ್ಕಳ ಹೆಸರು ಅದು. ತವರಿನದು. ಮದುವೆಯಾದರೂ ಬದಲಾಗುವುದಿಲ್ಲ. ಇದು ಮಾತ್ರ ನನಗೆ ತುಂಬಾ ಹಿಡಿಸಿತು. ನನ್ನ ಗೋತ್ರ ಧಾರೆ ಮುಗಿಯುವಷ್ಟರಲ್ಲೇ ಹೋಗಿತ್ತಲ್ಲ! ಚಿಹೇರಾಗಳು ಜಗಮೊಂಡಿಯರು ಅಂತ ಇಲ್ಲಿ ಜೋಕುಗಳಿಗೆ ಲೆಕ್ಕವಿಲ್ಲ. ಅಂದ ಹಾಗೆ ತೇತೆಯೂ ಚಿಹೇರಾನೇ. ಮಂಡಿಯೂರು ಅಂತ ಗದರಿದ ದನಿ ಕೇಳಬೇಕಿತ್ತು ನೀವು.

ರಾತ್ರಿ ಹೊದಿಕೆಯೊಳಗೆ ಕುಲದ ಹೆಸರು ಹೇಳಿ ಒಬ್ಬರನ್ನೊಬ್ಬರು ಹೊಗಳುವ ಪದ್ಯಗಳೂ ಇವೆಯಂತೆ. ತೇತೆ ಆ ವಿಷಯಕ್ಕೆ ಬಂದಾಗ ದನಿ ತಗ್ಗಿಸಿದರು. ನನಗೆ ಅರ್ಥವಾಗಲಿಲ್ಲ, ಮದುಮಗಳ ಮುಖ ಕೆಂಪಾಗಿದ್ದು ಕಂಡಿತು. ಮಗುವಾದ ಮೇಲೆ ಇಬ್ಬರೂ 'ಮಾಯಿ ತೆಂದೈ', 'ಬಾಬಾ ತೆಂದೈ', ಅಂದರೆ ತೆಂದೈನ ಅಮ್ಮ, ತೆಂದೈನ ಅಪ್ಪ; ಮಗುವಿನ ಹೆಸರು ಏನಿರುತ್ತೋ ಅದು. ಎಷ್ಟು ಚೆಂದ ಅಲ್ವಾ?

ಚೆಂದವೇ. ಆದರೆ ಅವನು ಮಂಡಿಯೂರುವುದಿಲ್ಲವಲ್ಲ! ಮರ್ಯಾದೆಯ ಮಾತಿನಿಂದ ಸಂಸಾರ ತಣ್ಣಗಿರುತ್ತದೆ ಅನ್ನುವುದಾದರೆ ಅವನಿಗೂ ಒಂದು ಶನಿವಾರ ಎರಡು ಗಂಟೆ ಕೂರಿಸಿ. 'ಅವನಿಗೆ ತಾನಾಗೇ ಬರುತ್ತೆ' ಅಂದಳು ಗೆಳತಿ. ಬರುತ್ತೆ, ಬರುತ್ತೆ.

ನನ್ನ ಕಥೆ ನಿಮಗೆ ಗೊತ್ತೇ ಇದೆ. ಗಂಡನನ್ನು ಮೊದಲ ದಿನದಿಂದ ಹೆಸರು ಹಿಡಿದೇ ಕರೆದವಳು. ಧಾರವಾಡದ ನಮ್ಮ ಅತ್ತೆ ಇವತ್ತಿಗೂ ಮುಖ ಗಂಟು ಹಾಕುತ್ತಾರೆ. ಜಗಳವಾದಾಗ ಮಾತ್ರ ನನ್ನ ಬಾಯಲ್ಲಿ 'ರೀ, ನಿಮ್ಮ ತಟ್ಟೆ ಅಲ್ಲಿದೆ' ಅಂತ ಬಹುವಚನ ಬರುವುದು.

ಆ ರಾತ್ರಿ ಮನೆಗೆ ಬಂದು ಸುಮ್ನೆ ಪ್ರಯತ್ನಿಸಿದೆ. 'ಶುಂಬಾ, ಊಟಕ್ಕೆ ಬನ್ನಿ.'

ಪುಣ್ಯಾತ್ಮ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತ. 'ಈಗ ನಾನೇನು ಮಾಡಿದೆ ಮಾರಾಯ್ತಿ?'