ತಟ್ಟೆಯ ಮುಂದಿನ ಉತ್ತರಕುಮಾರರು

ಲೋಕದಲ್ಲಿ ಅತಿ ಹೆಚ್ಚು ಸಲ ಸತ್ತು ಸುದ್ದಿಯಾದವರು ಯಾರೆಂದು ಕೇಳಿದರೆ ನನ್ನ ಉತ್ತರ: ಎ549. ಇದು ಮನುಷ್ಯನ ಹೆಸರಲ್ಲ. 1972ರಲ್ಲಿ 58 ವರ್ಷದ ಒಬ್ಬರ ಶ್ವಾಸಕೋಶದ ಗಡ್ಡೆಯಿಂದ ತೆಗೆದು ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ವಂಶ. ಇಂದಿಗೂ ಪ್ರಯೋಗಾಲಯಗಳ ಗಾಜಿನ ತಟ್ಟೆಗಳಲ್ಲಿ ಅದನ್ನು ಉಣಿಸಿ, ಬೆಚ್ಚಗಿಟ್ಟು, ಕೊಲ್ಲುವುದಕ್ಕಾಗಿಯೇ ಸಾಕುತ್ತಾರೆ.

ಅರಿಶಿನದ ಕರ್ಕ್ಯುಮಿನ್ ಸುರಿದರು, ಸತ್ತವು. ರೇಷಿ ಅಣಬೆಯ ಸಾರ ಸುರಿದರು, ಮತ್ತೆ ಸತ್ತವು. ಮರುದಿನದ ತಲೆಬರಹ ಮಾತ್ರ ಬದಲಾಗುವುದಿಲ್ಲ: ಕ್ಯಾನ್ಸರ್‌ಗೆ ರಾಮಬಾಣ! ಭಟ್ಟಿ ಇಳಿಸಿದ ಶುದ್ಧ ನೀರು ಸುರಿದರೂ ಈ ಬಡಜೀವಗಳು ಉಬ್ಬಿ ಒಡೆದು ಸಾಯುತ್ತವೆ. ಸೋಪಿನ ನೀರಿಗಂತೂ ಕೇಳುವುದೇ ಬೇಡ. ಆದರೆ ಸೋಪು ಋಷಿಮೂಲದ್ದಲ್ಲವಾದ್ದರಿಂದ ಅದರ ಪರಾಕ್ರಮವನ್ನು ಯಾರೂ ಹಾಡುವುದಿಲ್ಲ.

ಉತ್ತರನ ಪೌರುಷ ಒಲೆಯ ಮುಂದೆ ಎಂದ ಹಿರಿಯರು ಗಾಜಿನ ತಟ್ಟೆ ಕಂಡವರಲ್ಲ. ತಟ್ಟೆಗೆ ಕರುಳಿಲ್ಲ, ಯಕೃತ್ತಿಲ್ಲ, ಸುರಿದದ್ದನ್ನು ಹೊರಹಾಕುವ ದಾರಿಯೂ ಇಲ್ಲ. ದೇಹಕ್ಕೆ ಅವೆಲ್ಲವೂ ಇವೆ. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲೂ ಸಿಕ್ಕಿದ್ದು ಅತ್ಯಲ್ಪ. ರಣರಂಗಕ್ಕೆ ಹೊರಟ ವೀರ ಅರ್ಧದಾರಿಯಲ್ಲೇ ರಥದಿಂದ ಇಳಿದು ಓಡಿದ. ಕರ್ಕ್ಯುಮಿನ್ ಬಾಟಲಿ ಮಾರುವವರು ಮಾತ್ರ ಇನ್ನೂ ಜಯಭೇರಿ ಬಾರಿಸುತ್ತಿದ್ದಾರೆ.

ಹಾಗೆಂದು ಗಿಡಗಳನ್ನು ಹಳಿಯುವ ಪಾಪ ನನಗೆ ಬೇಡ. ಪೆಸಿಫಿಕ್ ಯೂ ಮರದ ತೊಗಟೆಯನ್ನು 1962ರಲ್ಲಿ ಸಂಗ್ರಹಿಸಿದರು. ಅದರಿಂದ ಬಂದ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1992ರಲ್ಲಿ. ಮೂವತ್ತು ವರ್ಷ ಪರೀಕ್ಷೆ ಬರೆದ ತೊಗಟೆ ಅದು. ಅಂಗಳದ ನಿತ್ಯಪುಷ್ಪದ ಕುಲದಿಂದ ವಿನೊರೆಲ್ಬಿನ್ ಬಂತು. ಎರಡನ್ನೂ ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುತ್ತಾರೆ. ಮರದ ಮದ್ದು, ಹೂವಿನ ಮದ್ದು. ಗಿಡಮೂಲಿಕೆಯ ಭಕ್ತರು ಊರೆಲ್ಲ ಸಿಹಿ ಹಂಚಬೇಕಿತ್ತು.

ಹಂಚಲಿಲ್ಲ. ಪ್ರಮಾಣ ಗೊತ್ತಾಗಿ, ಅಡ್ಡಪರಿಣಾಮಗಳ ಪಟ್ಟಿ ಅಂಟಿಕೊಂಡು, ಡ್ರಿಪ್‌ನಲ್ಲಿ ಇಳಿಯತೊಡಗಿದ ಕ್ಷಣವೇ ಆ ತೊಗಟೆಯ ಕುಲ ಕೆಟ್ಟಿತು. ಈಗ ಅದು ಕೀಮೋ. ಕೆಮಿಕಲ್. ವಿಷ. ‘ಅದೆಲ್ಲ ಬೇಡ, ಏನಾದರೂ ಸಹಜವಾದದ್ದು ಇದ್ದರೆ ಹೇಳಿ’ ಎಂದು ಅದೇ ಭಕ್ತರು ಇನ್ನೊಂದು ತೊಗಟೆ ಹುಡುಕುತ್ತಾರೆ, ಅದಿನ್ನೂ ಪರೀಕ್ಷೆಗೆ ಕುಳಿತಿಲ್ಲವೆಂದು ಖಾತ್ರಿಪಡಿಸಿಕೊಂಡು. ತೇರ್ಗಡೆಯಾದವನನ್ನು ಮನೆಯಿಂದ ಓಡಿಸಿ, ಶಾಲೆಯ ಮೆಟ್ಟಿಲು ಹತ್ತದವನಿಗೆ ಹಾರ ಹಾಕುವ ಮನೆತನ ಇದೊಂದೇ ಇರಬೇಕು.

ಪರೀಕ್ಷೆಗೆ ಕುಳಿತು ಮಾನ ಕಳೆದುಕೊಂಡವರೂ ಇದ್ದಾರೆ. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಶ್ವಾಸಕೋಶವನ್ನು ಕಾಯುತ್ತದೆ ಎಂಬ ನಂಬಿಕೆಯಿಂದ ಫಿನ್ಲೆಂಡ್‌ನಲ್ಲಿ 29,133 ಧೂಮಪಾನಿ ಗಂಡಸರ ಮೇಲೆ ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚು. ಈ ಸುದ್ದಿಗೆ ರಾಮಬಾಣದಷ್ಟು ದಪ್ಪ ಅಕ್ಷರ ಸಿಕ್ಕಿದ್ದನ್ನು ನಾನು ನೋಡಿಲ್ಲ.

ಇನ್ನು, ತಟ್ಟೆಯಲ್ಲಿ ಅಲ್ಲ, ನೇರ ಮನುಷ್ಯರ ಶ್ವಾಸಕೋಶದಲ್ಲೇ, ತಲೆಮಾರುಗಟ್ಟಲೆ, ಕೋಟಿಗಟ್ಟಲೆ ಜನರ ಮೇಲೆ ತನ್ನ ಗುಣ ತೋರಿಸಿದ ಎಲೆಯೊಂದಿದೆ. ಗಿಡದಲ್ಲೇ ಬೆಳೆಯುತ್ತದೆ, ಬಿಸಿಲಲ್ಲೇ ಒಣಗುತ್ತದೆ, ನೂರಕ್ಕೆ ನೂರು ಸಹಜ. ಹೆಸರು ತಂಬಾಕು.