ಹಾಲು, ಪ್ರಾರ್ಥನೆ, ಚಾಟಿ ಏಟು, ಕುಣಿತ

ಶನಿವಾರ ಆಫೀಸಿನಲ್ಲಿ ಟ್ರೈನಿಂಗ್ ಇಟ್ಟಿದ್ದರು. ಹೌದು, ಶನಿವಾರ! ಕೋಟು ಹಾಕಿಕೊಂಡು ಬಂದಿದ್ದ ಮಹಾಶಯರು 'ಸಾಧಕರ ದಿನಚರಿ' ಅಂತ ಒಂದೂವರೆ ಗಂಟೆ ಕೊರೆದರು. ಅದರಲ್ಲಿ ಒಂದು ಸ್ಲೈಡು ವಿಲಿಯಂ ಬರ್ಡ್ ಎನ್ನುವವನದು. 1674ರಲ್ಲಿ ಹುಟ್ಟಿದವನು. ಬ್ರಿಟಿಷರ ಕಾಲದ ಅಮೆರಿಕದ ವರ್ಜೀನಿಯಾದಲ್ಲಿ, ಜೇಮ್ಸ್ ನದಿ ದಡದಲ್ಲಿ, ಹೊಗೆಸೊಪ್ಪು ಬೆಳೆಸುತ್ತಿದ್ದ ಭಾರಿ ಜಮೀನ್ದಾರ. ಬೆಳಿಗ್ಗೆ ಐದಕ್ಕೇ ಏಳುತ್ತಿದ್ದ, ಹೀಬ್ರೂ ಓದುತ್ತಿದ್ದ, ಗ್ರೀಕ್ ಓದುತ್ತಿದ್ದ, ಹಾಲು ಕುಡಿಯುತ್ತಿದ್ದ, ವ್ಯಾಯಾಮಕ್ಕೆ ಅಂತ ಕುಣಿಯುತ್ತಿದ್ದ. "ನಿಮ್ಮಿಂದ ಯಾಕಾಗಲ್ಲ?" ಅಂದರು.

ನನ್ನ ಚಾಳಿ ನಿಮಗೆ ಗೊತ್ತಲ್ಲ, ಹಳೇ ಡೈರಿ ಅಂದರೆ ಮುಗಿಯಿತು. ಮನೆಗೆ ಬಂದು ಬರ್ಡ್‌ನ ಡೈರಿ ಹುಡುಕಿ ಓದಲು ಕೂತೆ. ನಿಜ ಹೇಳುತ್ತೇನೆ, ಮೊದಲ ಅರ್ಧ ಗಂಟೆ ನಾನೂ ಮರುಳಾಗಿದ್ದೆ. ಅವನ ಮನೆಯಲ್ಲಿ 3,500ಕ್ಕೂ ಹೆಚ್ಚು ಪುಸ್ತಕ! ಡೈರಿಯನ್ನು ಬೇರೆಯವರಿಗೆ ತಿಳಿಯದ ಹಾಗೆ ಶಾರ್ಟ್‌ಹ್ಯಾಂಡಿನಲ್ಲಿ ಬರೆದಿದ್ದಾನೆ, ಅದು ಅಚ್ಚಾಗಿದ್ದು 1941ರಲ್ಲಿ. ಹುಬ್ಬು ಕೀಳಬೇಡ ಅಂತ ಹೆಂಡತಿ ಲೂಸಿ ಜೊತೆ ಜಗಳ ಆಡಿ ಗೆದ್ದಿದ್ದನ್ನೂ ಬಿಡದೆ ಬರೆದಿದ್ದಾನೆ. ನಕ್ಕೆ. ಐದಕ್ಕೆ ಅಲಾರಂ ಕೂಡ ಇಟ್ಟೆ.

ಆಮೇಲೆ 1709ರ ಫೆಬ್ರವರಿ 8 ಬಂತು. ಐದಕ್ಕೆ ಎದ್ದ. ಹೀಬ್ರೂ ಒಂದು ಅಧ್ಯಾಯ, ಹೋಮರನ 200 ಸಾಲು. ಹಾಲು. ಪ್ರಾರ್ಥನೆ. ಜೆನ್ನಿಗೂ ಯೂಜೀನನಿಗೂ ಚಾಟಿ ಏಟು. ಕುಣಿತ.

ಯಾಕೆ ಏಟು, ಎಷ್ಟು ಏಟು, ಒಂದು ಮಾತಿಲ್ಲ. ಜೆನ್ನಿ, ಯೂಜೀನ್ ಇಬ್ಬರೂ ಅವನ ಮನೆಯ ಗುಲಾಮರು; ಯೂಜೀನ್ ಇನ್ನೂ ಹುಡುಗ. ಅದೇ ಡಿಸೆಂಬರಿನಲ್ಲಿ ಹುಡುಗ ಹಾಸಿಗೆ ಒದ್ದೆ ಮಾಡಿದ ಅಂತ ಒಂದು ಪೈಂಟ್ ಉಚ್ಚೆ ಕುಡಿಸಿದ್ದಾನೆ. ವಾರ ಬಿಟ್ಟು ಮತ್ತೆ. ಪೈಂಟ್ ಅಂದರೆ ಹೆಚ್ಚುಕಡಿಮೆ ಅರ್ಧ ಲೀಟರು. ಸ್ಲೈಡಿನಲ್ಲಿ ಹಾಲಿತ್ತು, ಇದಿರಲಿಲ್ಲ.

ಹುಡುಗ ದೂರು ಕೊಡುವುದಾದರೂ ಯಾರಿಗೆ? ಗವರ್ನರನ ಮಂಡಳಿಯಲ್ಲಿ ಬರ್ಡ್ ಸದಸ್ಯ. ಕಾನೂನು ಮಾಡುವುದರಲ್ಲೂ ಆ ಮಂಡಳಿಯ ಕೈ, ಕೋರ್ಟಿನಲ್ಲಿ ಕೂರುವುದೂ ಆ ಮಂಡಳಿಯೇ.

"ಆ ಕಾಲವೇ ಹಾಗಿತ್ತು ಬಿಡಿ ಸಾರ್" ಅಂತ ಬರೆಯಲು ಕೈ ತುರಿಸುತ್ತಿದೆ ಅಲ್ವಾ? 1710ರ ಜುಲೈನಲ್ಲಿ ಲೂಸಿ ಕಾದ ಕಬ್ಬಿಣದಿಂದ ಜೆನ್ನಿಗೆ ಬರೆ ಹಾಕಿಸಿದಳು. ಅದಕ್ಕೆ ಇವನು ಅವಳ ಜೊತೆ ಜಗಳ ಆಡಿದ. ಅಂದರೆ ಗೊತ್ತಿತ್ತು! ಹೆಂಡತಿ ಹಾಕಿಸಿದ ಬರೆ ತಪ್ಪು, ಇವನ ಅರ್ಧ ಲೀಟರು ಶಿಸ್ತು. 1736ರಲ್ಲಿ ಗುಲಾಮರ ಆಮದು ನಿಂತರೆ ಒಳ್ಳೆಯದು ಅಂತ ಇಂಗ್ಲೆಂಡಿನಲ್ಲಿದ್ದ ಎಗ್ಮಂಟ್ ಎಂಬ ಪ್ರಭುವಿಗೆ ಪತ್ರ ಬೇರೆ ಬರೆದ. ಕರುಣೆ ಅಂದುಕೊಂಡಿರಾ? ಗುಲಾಮರು ಜಾಸ್ತಿಯಾದರೆ ದಂಗೆ ಎದ್ದಾರು, ಬಿಳಿಯರು ಮೈಗಳ್ಳರಾದಾರು ಎನ್ನುವ ಭಯ. 1744ರಲ್ಲಿ ಸಾಯುವಾಗ ಅವನ ಹೆಸರಲ್ಲಿ ಸುಮಾರು 1,79,000 ಎಕರೆ ಇತ್ತು.

ಎಷ್ಟೋ ರಾತ್ರಿ ಡೈರಿ ಮುಗಿಯುವುದು ಒಂದೇ ಥರ. ಒಳ್ಳೆ ಆರೋಗ್ಯ, ಒಳ್ಳೆ ಯೋಚನೆ, ಒಳ್ಳೆ ಮೂಡು, ದೇವರ ದಯೆ.

ಅಲಾರಂ ತೆಗೆದುಹಾಕಿದೆ. ಸಿಟ್ಟು ಇಳಿಯಲಿಲ್ಲ. ಸುಮ್ನೆ ಅಟ್ಟದಿಂದ ನನ್ನ ಹಳೇ ಡೈರಿ ಇಳಿಸಿದೆ. ಮಗ ಆಗ ಎರಡನೇ ಕ್ಲಾಸು. "ಮಳೆ. ಮಗನಿಗೆ ಎರಡು ಬಿಟ್ಟೆ. ಕಾಫಿಪುಡಿ ಮುಗಿದಿದೆ."

ಯಾಕೆ ಬಿಟ್ಟೆ ಅಂತ ಬರೆದಿಲ್ಲ. ನೆನಪೂ ಇಲ್ಲ.