ಸೋಫಾ ಆವರೇಜ್, ಸಾಲ ಚುಕ್ತಾ

ಕಳೆದ ವಾರ ಮನೆ ಸಾಲದ ಖಾತೆಗೆ ಒಂದಿಷ್ಟು ಹೆಚ್ಚುವರಿ ದುಡ್ಡು ಕಟ್ಟಿದೆ. ಬೋನಸ್ ದುಡ್ಡು. ಕಟ್ಟಿ ಮುಗಿಸಿ ಕಾಫಿ ಲೋಟ ಕೈಗೆತ್ತಿಕೊಂಡಿದ್ದೆ ಅಷ್ಟೆ, ಮೊಬೈಲು ಕುಂಯ್ ಅಂದಿತು. ಬ್ಯಾಂಕಿನ ಮೆಸೇಜು. ಪರವಾಗಿಲ್ವೇ, ಥ್ಯಾಂಕ್ಸ್ ಹೇಳುವಷ್ಟು ಸೌಜನ್ಯ ಇದೆಯಲ್ಲ ಅಂದುಕೊಂಡು ತೆರೆದೆ. ‘ಅಭಿನಂದನೆಗಳು! ನೀವು ಟಾಪ್-ಅಪ್ ಸಾಲಕ್ಕೆ ಆಯ್ಕೆಯಾಗಿದ್ದೀರಿ!’ ಅಂದರೆ ಇರುವ ಸಾಲದ ಮೇಲೆ ಇನ್ನಷ್ಟು ಸಾಲ. ಅಲ್ಲ ಸ್ವಾಮಿ, ನಾನು ಈಗ ತಾನೇ ಬಾವಿಯಲ್ಲಿ ಎರಡು ಮೆಟ್ಟಿಲು ಹತ್ತಿದ್ದೇನೆ. ಮೇಲೆ ನಿಂತವನು ಹಗ್ಗ ಹಿಡಿದುಕೊಂಡು, ‘ಮತ್ತೆ ಇಳಿಸಬೇಕಾ ಸಾರ್?’ ಅಂತ ಕೇಳಿದರೆ ಏನನ್ನಬೇಕು?

ಸಾಲವನ್ನು ಬೇಗ ತೀರಿಸಲು ಹೊರಟವನಿಗೆ ಬ್ಯಾಂಕಿನದು ಒಂದು ಕಾಟವಾದರೆ ನೆಂಟರದು ಇನ್ನೊಂದು. ನನ್ನ ಪಾಲಿಗೆ ಭಾವ. ಅವರಿಗೆ ಎಕ್ಸೆಲ್ ಶೀಟು ಜನಿವಾರದ ಹಾಗೆ ಸದಾ ಮೈಮೇಲೆ ಇರುತ್ತದೆ. ಯುಗಾದಿಯ ದಿನ ಒಬ್ಬಟ್ಟಿಗೆ ತುಪ್ಪ ಬೀಳುವ ಹೊತ್ತಿಗೆ ಸರಿಯಾಗಿ ಶುರು ಮಾಡುತ್ತಾರೆ. ‘ಎಂಟೂವರೆ ಪರ್ಸೆಂಟಿನ ಸಾಲ ತೀರಿಸೋದಕ್ಕೆ ಹನ್ನೆರಡು ಪರ್ಸೆಂಟ್ ಕೊಡೋ ಎಸ್‌ಐಪಿ ಬಿಡ್ತೀಯಲ್ಲಪ್ಪ! ಟ್ಯಾಕ್ಸ್ ಉಳಿಯೋದು ಬೇರೆ ಹೋಗುತ್ತೆ.’ ಎಸ್‌ಐಪಿ ಅಂದರೆ ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹಾಕುವ ದುಡ್ಡು. ಇನ್ನು ಟ್ಯಾಕ್ಸು: ಬಡ್ಡಿಯ ಮೇಲೆ 2 ಲಕ್ಷ, ಅಸಲಿನ ಮೇಲೆ 1.5 ಲಕ್ಷದವರೆಗೆ ವಿನಾಯಿತಿ, ನಿಜ. ಆದರೆ ಅದು ಹಳೇ ತೆರಿಗೆ ಪದ್ಧತಿಯಲ್ಲಿ. ನಾನು ಹೊಸದಕ್ಕೆ ಹೋಗಿ ಆಯಿತು. ಅದರಲ್ಲಿ ನಾವೇ ವಾಸ ಮಾಡುವ ಮನೆಯ ಸಾಲಕ್ಕೆ ಎರಡೂ ಇಲ್ಲ ಅಂದರೆ ಭಾವನಿಗೆ ಕೇಳಿಸುವುದಿಲ್ಲ. ಹನ್ನೆರಡು ಪರ್ಸೆಂಟಂತೂ ಅವರ ಮಟ್ಟಿಗೆ ಸೂರ್ಯ ಪೂರ್ವದಲ್ಲಿ ಹುಟ್ಟಿದಷ್ಟೇ ಖಚಿತ. ಅದು ಬಾರದ ವರ್ಷ ಅವರು ಹಬ್ಬಕ್ಕೆ ಬರುವುದಿಲ್ಲ.

ಇಷ್ಟಾದರೂ ನಾನು ಯಾಕೆ ಕಟ್ಟುತ್ತೇನೆ? ಅದಕ್ಕೊಂದು ಗಟ್ಟಿ ಕಾರಣ ಇದೆ. ಹೇಳುತ್ತೇನೆ. ಅದಕ್ಕೂ ಮುಂಚೆ ಮೇಲಿನ ಮನೆ ಅಂಕಲ್ ವಿಷಯ ಹೇಳಿಬಿಡಬೇಕು.

ಅಂಕಲ್ ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ಮೊದಲು ಮಾಡಿದ ಕೆಲಸ ಬ್ಯಾಂಕಿಗೆ ಹೋಗಿ ಉಳಿದ ಸಾಲವನ್ನೆಲ್ಲ ಒಂದೇ ಏಟಿಗೆ ಚುಕ್ತಾ ಮಾಡಿದ್ದು. ಸಾಲ ಕೊಡುವಾಗ ಮನೆಗೇ ಬಂದು, ಆಂಟಿ ಕೊಟ್ಟ ಕೋಡುಬಳೆ ತಿಂದು, ಹಾಳೆ ಹಾಳೆಗೂ ಸಹಿ ಹಾಕಿಸಿಕೊಂಡು ಹೋಗಿದ್ದ ಬ್ಯಾಂಕು, ತೀರಿಸುವ ದಿನ ಟೋಕನ್ ಕೊಟ್ಟು ಕೂರಿಸಿತು. ಕೊನೆಗೆ ಕೌಂಟರಿನ ಹುಡುಗಿ, ‘ಒರಿಜಿನಲ್ ಪತ್ರಗಳು ಇಲ್ಲಿಲ್ಲ ಅಂಕಲ್, ಬೇರೆ ಊರಿನ ಗೋಡೌನಲ್ಲಿವೆ, ತರಿಸಬೇಕು’ ಅಂದಳು. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಅಂಕಲ್ ಮುಖ ಅರಳಿತು.

ಯಾಕೆಂದರೆ ಅವರು ದಿನಪತ್ರಿಕೆಯನ್ನು ಟೆಂಡರ್ ಜಾಹೀರಾತಿನವರೆಗೂ ಓದುವವರು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಆಸ್ತಿ ಪತ್ರ ವಾಪಸ್ ಕೊಡಬೇಕು, ತನ್ನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ತೆರಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲಿ ಮಾಡಿದ ನಿಯಮ ಅವರಿಗೆ ಬಾಯಿಪಾಠವಾಗಿತ್ತು. ಆವತ್ತಿನಿಂದ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕೆಂಪು ಗೀಟು ಬೀಳತೊಡಗಿತು. ಮೆಟ್ಟಿಲ ಹತ್ತಿರ ಸಿಕ್ಕಾಗಲೆಲ್ಲ ಗುಟ್ಟು ಹೇಳುವವರ ಹಾಗೆ, ‘ಇನ್ನೂ ಬಂದಿಲ್ಲ ಕಣ್ರೀ’ ಅನ್ನುತ್ತಿದ್ದರು. ಹತ್ತು ದಿನ ತಡವಾದರೆ 50,000. ಒಂದು ತಿಂಗಳಾದರೆ ಒಂದೂವರೆ ಲಕ್ಷ. ಕಾಶಿಗೆ ಹೋಗುವುದೋ ಬಾಲ್ಕನಿಗೆ ಗ್ರಿಲ್ ಹಾಕಿಸುವುದೋ ಎಂದು ಗಂಡ ಹೆಂಡತಿಗೆ ಸಣ್ಣ ಜಗಳವೂ ಆಯಿತು. ಅಷ್ಟು ವರ್ಷ ಸಾಲ ತೀರಲೆಂದು ಶನಿವಾರ ಶನಿವಾರ ಸ್ತೋತ್ರ ಹೇಳುತ್ತಿದ್ದ ಮನುಷ್ಯ ಈಗ ಲಾರಿ ಕೆಡಲಿ, ಗೋಡೌನಿನ ಬೀಗದ ಕೈ ಕಳೆಯಲಿ ಅಂತ ಅದೇ ದೇವರ ಮುಂದೆ ಕೂರುತ್ತಿದ್ದರು.

ಗಡುವಿಗೆ ಇನ್ನೆರಡು ದಿನ ಇರುವಾಗ ಬ್ಯಾಂಕಿನಿಂದ ಫೋನ್ ಬಂತು. ಪತ್ರ ಬಂದಿವೆ, ತಗೊಂಡು ಹೋಗಿ. ಅಂಕಲ್ ತಡವರಿಸಿ, ‘ನಾನು ಮೈಸೂರಲ್ಲಿದ್ದೀನಮ್ಮ, ಬರೋದು ಮುಂದಿನ ವಾರ’ ಅಂದರು. ಹಿಂದಿನಿಂದ ನಮ್ಮ ಬೀದಿಯ ಸೊಪ್ಪಿನವಳು ಕೂಗಿದ್ದು ಆ ಕಡೆಗೂ ಕೇಳಿಸಿರಬೇಕು. ‘ಪರವಾಗಿಲ್ಲ ಅಂಕಲ್, ರೆಡಿ ಇದೆ ಅಂತ ನಿಮಗೆ ಮೆಸೇಜ್ ಕಳಿಸಿದ್ದೀವಿ, ನಮ್ಮ ಕಡೆಯಿಂದ ಮುಗೀತು’ ಅಂದಳು ಹುಡುಗಿ. ಅಂಕಲ್ ಮಧ್ಯಾಹ್ನವೇ ಹೋಗಿ ತಂದರು. ಸಾವು ಸೂತಕದ ಮನೆಯಿಂದ ಬಂದವರ ಹಾಗೆ ಮೆಟ್ಟಿಲು ಹತ್ತಿದರು.

ನಿಜವಾದ ಗಲಾಟೆ ಆಮೇಲೆ. ಕ್ರಯಪತ್ರ, ಹಳೇ ಮಾಲೀಕರ ಮೂಲಪತ್ರ, ಖಾತೆ, ಕಂದಾಯದ ರಸೀದಿ, ಪ್ಲಾನು ಎಲ್ಲ ಟಿಕ್ ಹಾಕಿಕೊಂಡು ನೋಡುವಾಗ ಫೈಲಿನ ಮಧ್ಯೆ ಒಂದು ಹಾಳೆ ಸಿಕ್ಕಿತು. ತಪ್ಪಿ ಬಂದದ್ದಿರಬೇಕು. ಸಾಲ ಕೊಡುವ ಮುಂಚೆ ಬ್ಯಾಂಕಿನ ಕಡೆಯವನೊಬ್ಬ ಆಗಿನ ಬಾಡಿಗೆ ಮನೆಗೆ ಬಂದು ನೋಡಿ ಬರೆದುಕೊಟ್ಟ ವರದಿ. ಮನೆ: ಆವರೇಜ್. ಫರ್ನಿಚರ್: ಆವರೇಜ್. ಅಕ್ಕಪಕ್ಕದವರ ಅಭಿಪ್ರಾಯ: ಆವರೇಜ್.

ಆಂಟಿ ಕನ್ನಡಕ ಹಾಕಿಕೊಂಡು ಎರಡೆರಡು ಸಲ ಓದಿದರು. ‘ಆಗ ತಾನೇ ಶಿವಾಜಿನಗರದಿಂದ ಹೊಸ ಸೋಫಾ ತಂದಿದ್ವಿ! ತೇಗದ್ದು! ಆ ಹುಡುಗ ಅದರ ಮೇಲೇ ಕೂತು ಕೋಡುಬಳೆ ತಿಂದಿದ್ದು!’ ಅಂಕಲ್ಲಿಗೆ ಸೋಫಾ ಚಿಂತೆ ಇರಲಿಲ್ಲ. ಅಕ್ಕಪಕ್ಕದವರಲ್ಲಿ ಹಾಗೆ ಹೇಳಿದ್ದು ಯಾರು ಅನ್ನುವುದು ಅವರಿಗೆ ಬೇಕಿತ್ತು. ಎದುರು ಮನೆಯ ಮಾಸ್ತರೋ, ಹಿಂದಿನ ಮನೆಯ ಮಿಲಿಟರಿಯವರೋ? ಮಾಸ್ತರಿಗೆ ಪ್ರತಿ ಸಂಕ್ರಾಂತಿಗೂ ಎಳ್ಳು ಬೀರಿದ್ದರು. ಮಿಲಿಟರಿಯವರ ನಾಯಿಯ ಬಗ್ಗೆ ಒಮ್ಮೆ ಮಾತಾಗಿದ್ದು ಹೌದು. ಈ ವಿಚಾರಣೆ ನಮ್ಮ ಮನೆಯ ಹಾಲಿನಲ್ಲಿಯೇ ಒಂದು ಭಾನುವಾರವಿಡೀ ನಡೆಯಿತು. ಅಷ್ಟು ವರ್ಷ ಕಟ್ಟಿದ ಬಡ್ಡಿಯ ಬಗ್ಗೆ ಒಂದು ಮಾತಿಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಸಾಲ ತೀರಿದ್ದು ಆಸ್ತಿಯ ಋಣಭಾರ ತೋರಿಸುವ ಇಸಿಯಲ್ಲಿ ಕಾಣುವ ಹಾಗೆ ಮಾಡಿಸಿ ಅಂತ ನಾನು ನಡುವೆ ಹೇಳಿದೆ. ‘ಅದಿರಲಿ, ಮಾಸ್ತರ ಮಗಳ ಮದುವೆಗೆ ನಾವು ಏನು ಕೊಟ್ಟಿದ್ವಿ ಗೊತ್ತಾ?’ ಅಂದರು.

ಸರಿ, ನನ್ನ ಕಾರಣ. ಅದು ಶುರುವಾಗುವುದು 2022ರಲ್ಲಿ. ಆ ವರ್ಷದ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, 4ರಿಂದ 6.5ಕ್ಕೆ ಏರಿತು. ಅದರ ಹಿಂದೆಯೇ ನಮ್ಮ ಮನೆ ಸಾಲದ ಬಡ್ಡಿಯೂ ಏರಿತು. ನನ್ನ ಇಎಂಐ ಮಾತ್ರ ಒಂದು ರೂಪಾಯಿ ಏರಲಿಲ್ಲ. ಬ್ಯಾಂಕು ಎಷ್ಟು ಒಳ್ಳೇದು ಅಂತ ಖುಷಿಯಲ್ಲಿದ್ದೆ. ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಕಂತುಗಳ ಸಂಖ್ಯೆ ಸದ್ದಿಲ್ಲದೆ ಬೆಳೆದು ನನ್ನ ನಿವೃತ್ತಿಯನ್ನೂ ದಾಟಿತ್ತು. ಹೇಳಿದವರು ಯಾರು? ಯಾರೂ ಇಲ್ಲ. ಟಾಪ್-ಅಪ್ ಮೆಸೇಜು ನಿಮಿಷದಲ್ಲಿ ಬರುತ್ತದೆ, ಇದಕ್ಕೊಂದು ಮೆಸೇಜಿಗೆ ಬಡತನ. ಲೆಕ್ಕ ಬೇಕಿದ್ದರೆ ನೋಡಿ: 50 ಲಕ್ಷ, 20 ವರ್ಷ, 7 ಪರ್ಸೆಂಟ್ ಅಂದರೆ ತಿಂಗಳಿಗೆ 38,765 ರೂಪಾಯಿ. ದರ ಒಂಬತ್ತೂವರೆ ಆದರೆ ಮೊದಲ ತಿಂಗಳ ಬಡ್ಡಿಯೇ 39,583. ಅಂದರೆ ಹೊಸದಾಗಿ ಸಾಲ ಮಾಡಿದವನು ಹಳೇ ಕಂತನ್ನೇ ಕಟ್ಟುತ್ತಾ ಹೋದರೆ ಸಾಲ ಇಳಿಯುವುದಿಲ್ಲ, ಬೆಳೆಯುತ್ತದೆ! ಕಂತು ಜಾಸ್ತಿ ಮಾಡಲೋ, ವರ್ಷ ಜಾಸ್ತಿ ಮಾಡಲೋ ಅಂತ ಗಿರಾಕಿಯನ್ನು ಕೇಳಿ ಎಂದು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಹೇಳಿದ್ದು 2023ರ ಆಗಸ್ಟಿನಲ್ಲಿ. ಇಷ್ಟು ಸಾಮಾನ್ಯ ಮರ್ಯಾದೆಗೂ ಸುತ್ತೋಲೆ ಬೇಕಾಯಿತಲ್ಲ ಅನ್ನುವುದು ನನ್ನ ಹೊಟ್ಟೆಯುರಿ.

ಇದೇ ಕಾರಣವಾ ಅಂದರೆ ಪೂರ್ತಿ ಅಲ್ಲ. ಇದಕ್ಕೆ ಮುಂಚೆಯೂ ಕಟ್ಟುತ್ತಿದ್ದೆ. ಎಂಟೂವರೆ ದರದಲ್ಲಿ ಮೊದಲ ವರ್ಷದಿಂದಲೇ ವರ್ಷಕ್ಕೊಂದು ಕಂತು ಜಾಸ್ತಿ ಕಟ್ಟಿದರೆ 20 ವರ್ಷದ ಸಾಲ ಮೂರು ವರ್ಷ ಚಿಲ್ಲರೆ ಮೊದಲೇ ಮುಗಿಯುತ್ತದೆ, ಅದೂ ಇದೆ. ಭಾವನನ್ನು ಸುಮ್ಮನಾಗಿಸುವ ಆಸೆಯೂ ಇದ್ದೀತು. ಉಳಿದದ್ದನ್ನು ಇನ್ನೊಂದು ಸಲ ನೋಡೋಣ, ಯಾಕೆಂದರೆ ಮೇಲಿನ ಮನೆಯಲ್ಲಿ ಈಗ ಏನೋ ಸಾಗಿಸುವ ಸದ್ದಾಗುತ್ತಿದೆ.

ಹೊಸ ಸೋಫಾ. ಆವರೇಜ್ ಅನ್ನಿಸಿಕೊಂಡ ಹಳೇದು ಆ ಹಾಳೆ ಓದಿದ ಮೇಲೆ ಆಂಟಿಯ ಕಣ್ಣಿಗೂ ಆವರೇಜ್ ಆಗಿಬಿಟ್ಟಿತಂತೆ. ತಿಂಗಳ ಕಂತಿನ ಮೇಲೆ ತಂದಿದ್ದಾರೆ. ಅಂಕಲ್ ಅಂಗಡಿಯಲ್ಲಿ ಮೊದಲು ಕೇಳಿದ್ದೇ, ‘ಇದನ್ನೂ ಬೇಗ ತೀರಿಸಬಹುದಲ್ವಾ? ಬಡ್ಡಿ ಏರಿಳಿಯೋ ಫ್ಲೋಟಿಂಗ್ ರೇಟಿನ ಮನೆ ಸಾಲ ಬೇಗ ತೀರಿಸಿದ್ರೆ 2012ರಿಂದಲೇ ದಂಡ ಇಲ್ಲ.’

‘ಇದು ಮನೆ ಅಲ್ಲ ಅಂಕಲ್, ಸೋಫಾ’ ಅಂದನಂತೆ ಹುಡುಗ. ‘ಇದಕ್ಕೆ ಚಾರ್ಜ್ ಇದೆ.’